ಪುಟ್ಟಗಂಗ ಇಸ್ಕೂಲಿನಲ್ಲಿ ಮಾಡಿದ ಕೆಲಸ

ನಮ್ಮ ಕಡೆ ಮಗು ಶಾಲೆಯಿಂದ ಬಂದರೆ ಚೀಲ ಕೆಳಗಿಡುವಷ್ಟು ಪುರುಸೊತ್ತನ್ನೂ ಕೊಡದೆ ಮನೆಮಂದಿ ಕೇಳುವ ಪ್ರಶ್ನೆ ಒಂದೇ. ಇವತ್ತು ಏನು ಬರೆಸಿದರು? ಎರಡು ಪುಟ ಬರೆಸಿದ್ದರೆ ಒಳ್ಳೆಯ ಶಾಲೆ. ನಾಲ್ಕು ಪುಟ ಬರೆಸಿದ್ದರೆ ಇನ್ನೂ ಒಳ್ಳೆಯ ಶಾಲೆ. ಏನೂ ಬರೆಸಲಿಲ್ಲ ಎಂದರೆ ಮುಗಿಯಿತು, ಆ ಮೇಷ್ಟರ ಜಾತಕವೆಲ್ಲ ಜಗಲಿಗೆ ಬರುತ್ತದೆ.

ತಿಪಟೂರಿನ ಹತ್ತಿರದ ಬಿಳಿಗೆರೆಯಲ್ಲಿ ಅಂಕಮ್ಮ ಎಂಬವರ ಮನೆಯಲ್ಲಿ ಈ ಪ್ರಶ್ನೆಯಿಂದ ದೊಡ್ಡ ರಂಪವೇ ಆಯಿತು. ಅದು ಎರಡು ಸಾವಿರದ ಎರಡನೇ ಇಸವಿ. ಊರಿನಲ್ಲಿ ನಮ್ಮ ಸ್ತ್ರೀಶಕ್ತಿ ಸಂಘ ಆಗತಾನೇ ಶುರುವಾಗಿತ್ತು, ಅಂಕಮ್ಮನವರೂ ಸಂಘದವರೇ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನಾನ್ ಬೈದಿದ್ದೆಲ್ಲಾ ಬರೀಬ್ಯಾಡ ಕಣೇ" ಅಂದಿದ್ದಾರೆ. ಅರ್ಧ ಬಿಟ್ಟಿದ್ದೇನೆ.

ಅವರದು ತೆಂಗಿನ ತೋಟದ ಮನೆ. ಮಗ ಶಿವಮೂರ್ತಿ ತೋಟ ನೋಡಿಕೊಳ್ಳುತ್ತಾನೆ, ಸೊಸೆ ಆಶಾ ಮನೆಯನ್ನೂ ಹಸುಗಳನ್ನೂ ನೋಡಿಕೊಳ್ಳುತ್ತಾಳೆ, ಅವರಿಬ್ಬರನ್ನೂ ಅಂಕಮ್ಮ ನೋಡಿಕೊಳ್ಳುತ್ತಾರೆ. ಮೊಮ್ಮಗಳು ಒಬ್ಬಳೇ, ಆಗ ಏಳು ವರ್ಷದವಳು. ಮುತ್ತಜ್ಜಿಯ ಹೆಸರನ್ನೇ ಇಟ್ಟು ಪುಟ್ಟಗಂಗ ಎಂದು ಕರೆದಿದ್ದಾರೆ.

ಪುಟ್ಟಗಂಗ ಮೊದಲು ಬೇರೊಂದು ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಒಂದು ದಿನ ಸಾವಿರದ ಒಂದು ಬರೆ ಎಂದರು. ಇವಳು ಸಾವಿರ ಬರೆದು, ಅದರ ಪಕ್ಕದಲ್ಲಿ ಒಂದು ಬರೆದಳು. ಕಿವಿಗೆ ಕೇಳಿಸಿದ ಹಾಗೆಯೇ ಬರೆದಿದ್ದಾಳೆ, ಪಾಪ. ಬೋರ್ಡಿನ ಮುಂದೆ ನಿಲ್ಲಿಸಿ ಕ್ಲಾಸಿಗೆಲ್ಲ ತೋರಿಸಿದರು, ಎಲ್ಲರೂ ನಕ್ಕರು. ಅಲ್ಲಿಂದಾಚೆಗೆ ಲೆಕ್ಕ ಎಂದರೆ ಮಗು ಬಾಯಿ ಬಿಡದಾಯಿತು. ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಏಣಿ ಹತ್ತಿ, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹರಡಿದ್ದ ಕಾಯಿಗಳ ಹಿಂದೆ ಅವಿತುಕೊಳ್ಳುತ್ತಿದ್ದಳು. ಶಿವಮೂರ್ತಿ ಹತ್ತಿ ಹೋಗಿ ಎತ್ತಿಕೊಂಡು ಬರಬೇಕು. ಅವಳು ಅಳುತ್ತಿರಲಿಲ್ಲ, ಒದೆಯುತ್ತಿರಲಿಲ್ಲ, ಸುಮ್ಮನೆ ಮರದ ತುಂಡಿನ ಹಾಗೆ ಬಿಗಿದುಕೊಂಡಿರುತ್ತಿದ್ದಳು. ಅದನ್ನು ನೋಡಿ ಆಶಾಳಿಗೆ ಊಟ ಸೇರುತ್ತಿರಲಿಲ್ಲ.

ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮೆಹರೀನ್ ಆಶಾಳಿಗೆ ಪರಿಚಯ. ರವಿಕೆ ಹೊಲಿಸಲು ಹೋದಾಗ ಈ ಸಂಕಟ ಹೇಳಿಕೊಂಡಳು. ಮೆಹರೀನ್ ತನ್ನ ಮಗ ರಯೀಸ್ ಹೋಗುವ ಶಾಲೆಯ ವಿಷಯ ಹೇಳಿದಳು. ಅದೇ ಬೀದಿಯಲ್ಲೇ ಇದೆ, ಮಾಂಟೆಸ್ಸರಿ ಶಾಲೆ, ಆರರಿಂದ ಒಂಬತ್ತು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ, ಬೆತ್ತವಿಲ್ಲ, ರ‍್ಯಾಂಕಿಲ್ಲ. ಆಶಾ ಮನೆಯಲ್ಲಿ ಹಟ ಹಿಡಿದು ಮಗುವನ್ನು ಅಲ್ಲಿಗೆ ಸೇರಿಸಿದಳು. ಆ ಹೆಸರಿಗೆ ಅಂಕಮ್ಮನವರ ನಾಲಿಗೆ ಹೊರಳಲಿಲ್ಲ, ಮಾಂಟಿ ಇಸ್ಕೂಲು ಎಂದು ತಮಗೆ ಬೇಕಾದ ಹಾಗೆ ಇಟ್ಟುಕೊಂಡರು. ಏನಾದರೂ ಆಗಲಿ, ಮಗು ಅಟ್ಟ ಹತ್ತುವುದು ನಿಂತಿತು. ಬಸ್ಸಿಗೆ ತಾನೇ ಮುಂದಾಗಿ ಓಡತೊಡಗಿತು. ಅಷ್ಟಕ್ಕೇ ಅಂಕಮ್ಮ ಸುಮ್ಮನಿದ್ದರು.

ಒಂದು ಸಂಜೆ ಜಗಲಿಯ ಮೇಲೆ ಕೂತು ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದ ಅಂಕಮ್ಮ ರೂಢಿಯಂತೆ ಕೇಳಿದರು.

"ಏನ್ ಬರ್ಸಿದ್ರವ್ವ ಇವತ್ತು?"

"ಬರ್ಸ್ಲಿಲ್ಲ ಅಜ್ಜಿ. ಕೆಲ್ಸ ಮಾಡ್ದೆ."

"ಕೆಲ್ಸ ಅಂದ್ರೆ?"

"ಚೊಂಬು ಬೆಳಗ್ದೆ. ನಾಳೆನೂ ನಾನ್ ಅದೇ ಕೆಲ್ಸ ತಗತೀನಿ."

ಅಂಕಮ್ಮನವರ ಕೈ ಅಲ್ಲೇ ನಿಂತಿತು. ಇದು ಯಾಕೆ ಅಷ್ಟು ನಾಟಿತು ಎಂದು ತಿಳಿಯಬೇಕಾದರೆ ಅವರ ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು. ಅವರ ತೌರು ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಸೀಮೆ, ಕುರಿ ಕಾಯುವ ಬಡವರ ಮನೆ. ಪುಟ್ಟಗಂಗನಷ್ಟೇ ವಯಸ್ಸಿನಲ್ಲಿ ಅವರನ್ನು ಒಬ್ಬರು ದೊಡ್ಡವರ ಮನೆಗೆ ಕೆಲಸಕ್ಕೆ ಬಿಟ್ಟಿದ್ದರು. ಹಿತ್ತಲಿನಲ್ಲಿ ಕೂತು ರಾಶಿ ಪಾತ್ರೆ ತಿಕ್ಕಬೇಕು. ಬೇಲಿಯಾಚೆ ಊರಿನ ಮಕ್ಕಳು ಸ್ಲೇಟು ಹಿಡಿದುಕೊಂಡು ಹೋಗುತ್ತಿದ್ದವು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ಅದರ ಹೊಟ್ಟೆಯಲ್ಲಿ ಹುಟ್ಟಿದ್ದು ಯಾವುದೂ ಇನ್ನೊಬ್ಬರ ಪಾತ್ರೆ ಮುಟ್ಟಬಾರದು ಎಂದು ಅಂಕಮ್ಮ ಆಗಲೇ ಅಂದುಕೊಂಡಿದ್ದರಂತೆ. ಈಗ ಫೀಸು ಕೊಟ್ಟು ಕಳಿಸಿದ ಶಾಲೆಯಲ್ಲಿ ಮೊಮ್ಮಗಳು ಚೊಂಬು ಬೆಳಗಿ ಬಂದಿದ್ದಾಳೆ.

ಶಿವಮೂರ್ತಿ ತೋಟದಿಂದ ಬರುವವರೆಗೂ ಅಂಕಮ್ಮ ಕಾಯಲಿಲ್ಲ, ದಾರಿಯಲ್ಲೇ ತಡೆದು ಹೇಳಿದರು. ಅವನಿಗೂ ಸಿಟ್ಟು ಬಂತು. ಟೈ ಕಟ್ಟಿಸಿ ಬೂಟು ಹಾಕಿಸುವ ಕಾನ್ವೆಂಟಿನ ವ್ಯಾನು ಆಗಲೇ ಊರಿಗೆ ಬರುತ್ತಿತ್ತು. ಅಂದೇ ಹೋಗಿ ಅದರ ಡ್ರೈವರಿಗೆ ಸೋಮವಾರದಿಂದ ನಮ್ಮ ಮಗುವೂ ಬರುತ್ತದೆ ಎಂದು ಹೇಳಿ ಬಂದ. ಮಗು ಈಗ ತಾನೇ ಮಾತಾಡಲು ಶುರು ಮಾಡಿದೆ, ಅವಸರ ಬೇಡ, ಒಮ್ಮೆ ಹೋಗಿ ಕೇಳೋಣ ಎಂದು ಆಶಾ ಅಂದಳು. ಆ ಹೊತ್ತಿನಲ್ಲಿ ಅವಳ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಇವರ ಮಾತೆಲ್ಲ ಪುಟ್ಟಗಂಗ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಹುಡುಕಿದರೆ ಮಗು ಅಟ್ಟದ ಮೇಲಿತ್ತು.

ಮಾರನೆಯ ದಿನ ಶುಕ್ರವಾರ. ಆಶಾ ಎಂದಿನಂತೆ ಬೆಳಗಿನ ಬಸ್ಸಿನಲ್ಲಿ ಮಗುವನ್ನು ಶಾಲೆಗೆ ಬಿಟ್ಟು ಬಂದಳು. ಅದರ ಹಿಂದಿನ ಬಸ್ಸಿಗೆ ಅಂಕಮ್ಮ ಹೊರಟರು, ಆ ಟೀಚರಮ್ಮನಿಗೆ ನಾಲ್ಕು ಮಾತು ಅಂದು ಮಗುವನ್ನು ಕರೆದುಕೊಂಡು ಬರಲು. ಬಸ್ಸಿನಲ್ಲಿ ಕೂತು ಆ ನಾಲ್ಕು ಮಾತನ್ನು ನಲವತ್ತು ಮಾಡಿಕೊಂಡಿದ್ದರು. ದಾರಿಯಲ್ಲಿ ಮೆಹರೀನಳ ಅಂಗಡಿ ಸಿಕ್ಕಿತು. ಇಲ್ಲಿಗೆ ಸೇರಿಸಿ ಎಂದವಳು ಇವಳೇ ಅಲ್ಲವೇ? ಮೊದಲ ಕಂತು ಅವಳಿಗೇ ಬಿತ್ತು.

ಮೆಹರೀನ್ ಮಿಷನ್ ತುಳಿಯುವುದು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ನಡುವೆ ನಗು ಬಂದರೂ ತಡೆದುಕೊಂಡಳಂತೆ. ರಯೀಸನೂ ಶುರುವಿನಲ್ಲಿ ಹೀಗೇ ಹೇಳುತ್ತಿದ್ದ, ಅವರಪ್ಪ ಗ್ಯಾರೇಜಿನಿಂದ ಎದ್ದು ಜಗಳಕ್ಕೇ ಹೋಗಿದ್ದರು ಎಂದಳು. ಆಮೇಲೆ ಹೇಳಿದ್ದು ಇಷ್ಟು.

"ಬೈಯೋಕೆ ಮುಂಚೆ ಒಂದ್ ಹೊತ್ತು ಕೂತು ನೋಡಿ ಅಜ್ಜಿ. ಮನೆಯೋರು ಬಂದ್ರೆ ಕೂರಿಸ್ತಾರೆ ಅಲ್ಲಿ. ಆದ್ರೆ ಮಕ್ಕಳು ಕೆಲ್ಸದಲ್ಲಿದ್ದಾಗ ಮಾತಾಡೋ ಹಾಗಿಲ್ಲ, ಅದೊಂದೇ."

ಮಾತಾಡದೆ ಕೂರುವುದು ಅಂಕಮ್ಮನವರಿಗೆ ಎಷ್ಟು ಕಷ್ಟ ಎಂಬುದು ನಮ್ಮ ಸಂಘದ ಸಭೆಗೆ ಬಂದವರಿಗೆಲ್ಲ ಗೊತ್ತು. ಆದರೂ ಆಗಲಿ ಎಂದು ಒಪ್ಪಿಕೊಂಡು ಹೋದರು.

ಶಾಲೆ ಎಂದರೆ ಹೆಂಚಿನ ಹಳೆಯ ಮನೆ. ಅಂಕಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೊದಲು ಹುಡುಕಿದ್ದು ಟೀಚರಮ್ಮನ ಕುರ್ಚಿಯನ್ನು. ಬೈಯುವುದಕ್ಕೆ ಒಂದು ದಿಕ್ಕು ಬೇಕಲ್ಲ. ಕುರ್ಚಿ ಇರಲಿಲ್ಲ, ಬೆಂಚುಗಳೂ ಇರಲಿಲ್ಲ. ಗೋಡೆಯುದ್ದಕ್ಕೂ ಮಕ್ಕಳ ಕೈಗೆ ಎಟುಕುವಷ್ಟು ಎತ್ತರದ, ಬಾಗಿಲಿಲ್ಲದ ಮರದ ಕಪಾಟುಗಳಿದ್ದವು. ಅವುಗಳ ಮೇಲೆ ತಟ್ಟೆಗಳಲ್ಲಿ ಮಣಿ, ಮರದಲ್ಲಿ ಕೊರೆದ ಕನ್ನಡ ಅಕ್ಷರ, ತುಂಡು ತುಂಡಾಗಿ ಬಿಚ್ಚಿ ಜೋಡಿಸುವ ನಕ್ಷೆ, ಎಲ್ಲವೂ ಒಪ್ಪವಾಗಿದ್ದವು. ನೆಲದ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಚಾಪೆ, ಒಂದೊಂದು ಚಾಪೆಯ ಮೇಲೆ ಒಬ್ಬರೋ ಇಬ್ಬರೋ ಮಕ್ಕಳು. ಟೀಚರು ಹೊಂಬಾಳಮ್ಮ ತುರುವೇಕೆರೆಯವರು, ಬೆಂಗಳೂರಿನಲ್ಲಿ ಈ ಪದ್ಧತಿಯ ತರಬೇತಿ ಪಡೆದು ಬಂದವರು. ಮಕ್ಕಳು ಅವರನ್ನು ಹೊಂಬಾಳಕ್ಕ ಎನ್ನುತ್ತಾರೆ. ಅವರು ಮೂಲೆಯಲ್ಲಿ ನೆಲದ ಮೇಲೆ ಕೂತು ಮೂರು ಮಕ್ಕಳಿಗೆ ಏನನ್ನೋ ಮೆಲ್ಲಗೆ ತೋರಿಸುತ್ತಿದ್ದರು. ಅವರನ್ನು ಅಂಕಮ್ಮ ಯಾರೋ ದೊಡ್ಡ ಹುಡುಗಿ ಅಂದುಕೊಂಡರಂತೆ.

ಅಜ್ಜಿಯನ್ನು ಕಂಡ ಪುಟ್ಟಗಂಗನ ಮುಖ ಬಿಳುಚಿಕೊಂಡಿತು. ತನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಅದಕ್ಕೆ ಗೊತ್ತಾಗದೇ ಇರುತ್ತದೆಯೇ? ಆದರೂ ಎದ್ದು ಬಂದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಒಂದು ಚಾಪೆ ತಂದು ಅಜ್ಜಿಯ ಮುಂದೆ ಹಾಸಿತು.

"ಇಲ್ಲಿ ಕೂತ್ಕ ಅಜ್ಜಿ. ಇದು ನಿನ್ ಚಾಪೆ, ಯಾರೂ ತುಳಿಯಲ್ಲ" ಎಂದು ಕಿವಿಯಲ್ಲಿ ಹೇಳಿ ತನ್ನ ಜಾಗಕ್ಕೆ ಹೋಯಿತು.

ಅಂಕಮ್ಮ ಕೂತರು. ನಿಜವಾಗಿಯೂ ಯಾರೂ ತುಳಿಯಲಿಲ್ಲ. ಮಕ್ಕಳು ಕಪಾಟಿನಿಂದ ತಟ್ಟೆ ತರುವಾಗ ಒಬ್ಬರ ಚಾಪೆಯನ್ನು ಇನ್ನೊಬ್ಬರು ತುಳಿಯದೆ ಪಕ್ಕದಿಂದ ಹೋಗುತ್ತಿದ್ದರು. ರಯೀಸ್ ಜಗಲಿಯಲ್ಲಿ ಒಬ್ಬ ಚಿಕ್ಕ ಹುಡುಗಿಯ ಜೊತೆ ಸಾವಿರ ಮಣಿಗಳ ಉದ್ದನೆಯ ಸರ ಬಿಡಿಸಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಚೀಟಿ ಇಡುತ್ತಾ ಹೋಗುತ್ತಿದ್ದ. ಅವಳು ತಪ್ಪಿದರೆ ಅವನು ಹೇಳಿಕೊಡುತ್ತಿರಲಿಲ್ಲ, ತಾಳ್ಮೆಯಿಂದ ಕಾಯುತ್ತಿದ್ದ, ಅವಳು ಹಿಂದಕ್ಕೆ ಹೋಗಿ ಮತ್ತೆ ಎಣಿಸುತ್ತಿದ್ದಳು. ಮಾತು ಇತ್ತು, ಆದರೆ ಕೂಗಾಟವಿರಲಿಲ್ಲ. ಮೇಷ್ಟರ ಭಯವಿಲ್ಲದೆ ಮಕ್ಕಳು ಇಷ್ಟು ತಣ್ಣಗೆ ಇರುವುದನ್ನು ಅಂಕಮ್ಮ ಎಲ್ಲೂ ಕಂಡಿರಲಿಲ್ಲ.

ಪುಟ್ಟಗಂಗ ಒಂದು ತಟ್ಟೆಯಲ್ಲಿ ಚಿನ್ನದ ಬಣ್ಣದ ಮಣಿಗಳನ್ನು ತಂದಳು. ಬಿಡಿ ಮಣಿ ಎಂದರೆ ಒಂದು. ಹತ್ತು ಮಣಿ ಪೋಣಿಸಿದ ಕಡ್ಡಿ ಎಂದರೆ ಹತ್ತು. ಹತ್ತು ಕಡ್ಡಿ ಸೇರಿಸಿದ ಚೌಕ ಎಂದರೆ ನೂರು. ಹತ್ತು ಚೌಕ ಒಂದರ ಮೇಲೊಂದು ಇಟ್ಟು ಕಟ್ಟಿದ ದಪ್ಪ ಗಟ್ಟಿ ಎಂದರೆ ಸಾವಿರ, ಅದನ್ನು ಅವಳು ಎರಡು ಕೈಯಲ್ಲಿ ಹಿಡಿದು ತರಬೇಕಾಯಿತು. ಸಾವಿರದ ಗಟ್ಟಿಯ ಪಕ್ಕದಲ್ಲಿ ಒಂದು ಬಿಡಿ ಮಣಿ ಇಟ್ಟಳು. ಆಮೇಲೆ ಅಂಕಿ ಬರೆದ ರಟ್ಟಿನ ಚೀಟಿಗಳನ್ನು ತಂದಳು. ಸಾವಿರ ಎಂದು ಬರೆದ ಉದ್ದನೆಯ ಚೀಟಿ ಕೆಳಗೆ. ಅದರ ಕೊನೆಯ ಸೊನ್ನೆಯ ಮೇಲೆ ಸರಿಯಾಗಿ ಕೂರುವ ಹಾಗೆ ಒಂದು ಎಂದು ಬರೆದ ಪುಟ್ಟ ಚೀಟಿ. ಸಾವಿರದ ಒಂದು ಅಲ್ಲಿ ತಾನಾಗಿಯೇ ಬರೆದುಕೊಂಡಿತು. ಬೋರ್ಡಿನ ಮುಂದೆ ನಿಂತು ಎಲ್ಲರ ನಗೆಗೆ ಗುರಿಯಾಗಿದ್ದ ಮಗು ಈಗ ಅದೇ ಅಂಕಿಯನ್ನು ನೋಡಿ ತನ್ನಷ್ಟಕ್ಕೆ ನಗುತ್ತಿತ್ತು. ಅಂಕಮ್ಮ ಓದಿದವರಲ್ಲ, ಆದರೆ ಮಗುವಿನ ಮುಖ ಓದಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನೊಂದು ದೊಡ್ಡ ಸಂಖ್ಯೆಯ ಮಣಿ ತಂದು ಅದಕ್ಕೆ ಕೂಡಿಸಿದಳು. ಮಣಿಗೂ ಚೀಟಿಗೂ ತಾಳೆಯಾಗಲಿಲ್ಲ. ಯಾರೂ ಬಂದು ತಪ್ಪು ಎನ್ನಲಿಲ್ಲ, ಕೆಂಪು ಗೀಟು ಎಳೆಯಲಿಲ್ಲ. ತಾನೇ ಹುಬ್ಬು ಗಂಟಿಕ್ಕಿ ನೋಡಿ, ಎಲ್ಲವನ್ನೂ ಮತ್ತೆ ಎಣಿಸಿ, ಒಂದು ಕಡ್ಡಿ ಹೆಚ್ಚಿಗೆ ತಂದಿದ್ದೆ ಎಂದು ಕಂಡುಕೊಂಡು ವಾಪಸು ಇಟ್ಟು ಬಂದಳು. ಲೆಕ್ಕ ಮುಗಿದ ಮೇಲೆ ಎಲ್ಲವನ್ನೂ ಇದ್ದ ಜಾಗಕ್ಕೆ ಸೇರಿಸಿ ಚಾಪೆ ಸುತ್ತಿಟ್ಟಳು.

ಆಮೇಲೆ ಹಿತ್ತಿಲ ಬಾಗಿಲಿಗೆ ಹೋಗಿ ಹಿತ್ತಾಳೆಯ ಚೊಂಬು ತಂದುಕೊಂಡು ಕೂತಳು. ಹುಣಸೆಹಣ್ಣು ಕಿವುಚಿ ಹಚ್ಚಿದಳು, ಬಟ್ಟೆಯ ಚೂರಿನಿಂದ ತಿಕ್ಕಿದಳು, ಕಂಠದ ಸಂದಿಗೆ ಬೆರಳು ತೂರಿಸಿ ಮತ್ತೆ ತಿಕ್ಕಿದಳು. ಅಂಕಮ್ಮನವರಿಗೆ ಸುಮ್ಮನಿರುವ ನಿಯಮ ಮರೆತೇ ಹೋಯಿತು.

"ಸಾಕು ಬುಡು ಕಂದ" ಎಂದರು.

"ಇನ್ನೂ ಮುಗ್ದಿಲ್ಲ ಅಜ್ಜಿ" ಎಂದು ಮಗು ತಲೆ ಎತ್ತದೆ ಹೇಳಿತು. ಸಿಟ್ಟಿನಿಂದಲ್ಲ, ಅಡುಗೆಯ ನಡುವೆ ಮಾತಾಡಿಸಿದರೆ ನಾವು ಹೇಳುತ್ತೇವಲ್ಲ, ಹಾಗೆ.

ಹೊಂಬಾಳಮ್ಮ ಎದ್ದು ಬಂದು ಅಂಕಮ್ಮನವರನ್ನು ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ಅಂಕಮ್ಮ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದನ್ನೆಲ್ಲ ಬಿಚ್ಚಿದರು. ಪಾತ್ರೆ ಬೆಳಗಿಸಲು ನಾವು ಮಗುವನ್ನು ಕಳಿಸಬೇಕೇ, ಕೆಲಸ ಎಂದರೆ ಏನು ಎಂದು ನನಗೆ ಹೇಳಿಕೊಡಬೇಡಿ ಎಂದರು. ಹೇಳುತ್ತಾ ಹೇಳುತ್ತಾ, ಮಗನಿಗೂ ಪೂರ್ತಿ ಹೇಳದ ತಮ್ಮ ಹಿತ್ತಿಲ ಕಥೆಯನ್ನು ಆ ಹೆಣ್ಣುಮಗಳಿಗೆ ಹೇಳಿಬಿಟ್ಟರು.

ಎಲ್ಲ ಮುಗಿದ ಮೇಲೆ ಹೊಂಬಾಳಮ್ಮ ಕೇಳಿದರು.

"ಆ ಮನೇಲಿ ಸಾಕು ಅನ್ನೋ ಮಾತು ಯಾರದಿತ್ತು ಅಜ್ಜಿ?"

"ಅವರ್ದೇ ಕಣವ್ವ. ನಾನ್ ಸಾಕು ಅಂದ್ರೆ ಕೇಳೋರ್ ಯಾರಿದ್ರು?"

"ಇಲ್ಲಿ ಆ ಮಾತು ಮಗೂದು. ಈಗ ನೀವೇ ಸಾಕು ಅಂದ್ರಿ, ಅವಳು ಇಲ್ಲ ಅಂದ್ಲು. ಚೊಂಬು ಬೆಳಗು ಅಂತ ನಾನು ಹೇಳಿಲ್ಲ. ಬೇಡ ಅಂತಾನೂ ಹೇಳಿಲ್ಲ."

ಅಂಕಮ್ಮನವರಿಗೆ ಅಳು ಬಂತು. ಮುಚ್ಚಿಟ್ಟುಕೊಳ್ಳಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡು ಚೆನ್ನಾಗಿಯೇ ಅತ್ತರು. ಬೇಲಿಯಾಚೆಗೆ ಹೋಗುತ್ತಿದ್ದ ಮಕ್ಕಳ ಮೇಲೆ ಇಷ್ಟು ವರ್ಷ ಇದ್ದ ಹೊಟ್ಟೆಕಿಚ್ಚು ಅವತ್ತು ಇಳಿಯಿತು ಎಂದು ನನಗೆ ಹೇಳಿದ್ದಾರೆ.

ಆಮೇಲೆ ಹೊಂಬಾಳಮ್ಮ ಆ ಪದದ ಗುಟ್ಟು ಬಿಡಿಸಿದರು. ಈ ಶಾಲೆಯಲ್ಲಿ ಮಗು ಕೈಗೆತ್ತಿಕೊಂಡಿದ್ದಕ್ಕೆಲ್ಲ ಕೆಲಸ ಎಂದೇ ಹೆಸರು. ಮಣಿಯಲ್ಲಿ ಲೆಕ್ಕ ಮಾಡುವುದೂ ಕೆಲಸ, ಅಕ್ಷರ ಜೋಡಿಸಿ ಕಥೆ ಬರೆಯುವುದೂ ಕೆಲಸ, ಗಿಡಕ್ಕೆ ನೀರು ಹಾಕುವುದೂ ಕೆಲಸ. ಆಟ ಎಂದರೆ ಮನೆಯವರು ಬೈಯುತ್ತಾರೆ, ಪಾಠ ಎಂದರೆ ಮಕ್ಕಳು ಹೆದರುತ್ತಾರೆ ಎಂದು ನಕ್ಕರು. ಚೊಂಬು ಮಕ್ಕಳು ನೀರು ಕುಡಿಯುವ ಚೊಂಬೇ, ಟೀಚರ ಮನೆಯದಲ್ಲ. ಪುಟ್ಟಗಂಗ ಕಷ್ಟದ ಲೆಕ್ಕ ಮುಗಿಸಿದ ಮೇಲೆ ಮನಸ್ಸಿಗೆ ಬಿಡುವು ಬೇಕೆಂದು ಅದನ್ನು ತಾನೇ ಆರಿಸಿಕೊಳ್ಳುತ್ತಾಳೆ. ಒಂದೇ ಕೆಲಸದ ಮೇಲೆ ಕೊನೆಯವರೆಗೆ ಗಮನ ನಿಲ್ಲಿಸಲು ಬಂದ ಮಗುವಿಗೆ ಓದಿನಲ್ಲೂ ಗಮನ ನಿಲ್ಲುತ್ತದೆ.

ಇಟಲಿ ದೇಶದಲ್ಲಿ ಮರಿಯಾ ಮಾಂಟೆಸ್ಸರಿ ಎಂಬ ಡಾಕ್ಟರಮ್ಮ ಸಾವಿರದ ಒಂಬೈನೂರ ಏಳರಲ್ಲಿ ಕೂಲಿಯವರ ಮಕ್ಕಳನ್ನು ಇಟ್ಟುಕೊಂಡು ಇದನ್ನು ಶುರು ಮಾಡಿದರಂತೆ. ನಮ್ಮ ದೇಶಕ್ಕೂ ಬಂದು ಕೆಲವು ವರ್ಷ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದರಂತೆ. ಮಕ್ಕಳಿಗೆ ಯಾವುದೇ ವಿಷಯ ಮೊದಲು ಕೈಗೆ ಸಿಗಬೇಕು, ಆಮೇಲೆ ತಲೆಗೆ ಹತ್ತುತ್ತದೆ, ದೊಡ್ಡವರು ತೋರಿಸಿಕೊಟ್ಟು ಪಕ್ಕಕ್ಕೆ ಸರಿಯಬೇಕು ಎಂಬುದು ಅವರು ಕಂಡುಕೊಂಡದ್ದು.

ಅಂಕಮ್ಮ ಸುಲಭಕ್ಕೆ ಬಿಡುವವರಲ್ಲ. ಹಾಗಾದರೆ ಇಷ್ಟ ಬಂದ ಹಾಗೆ ಕುಣಿಯಬಹುದೋ ಎಂದು ಕೇಳಿದರು. ಇಲ್ಲ, ಇನ್ನೊಬ್ಬರ ಕೆಲಸ ಕೆಡಿಸುವ ಹಾಗಿಲ್ಲ, ತೆಗೆದದ್ದನ್ನು ಇದ್ದಲ್ಲೇ ಇಡಬೇಕು, ಆರಿಸಿಕೊಂಡದ್ದನ್ನು ಮುಗಿಸಬೇಕು ಎಂದರು ಹೊಂಬಾಳಮ್ಮ. ಬರೀ ಚೊಂಬು ಬೆಳಗುತ್ತಾ ಕೂತರೆ? ಯಾವ ಮಗು ಏನು ಕಲಿತಿದೆ ಎಂದು ನಾನು ದಿನವೂ ಗಮನಿಸುತ್ತೇನೆ, ಒಂದು ವಿಷಯವನ್ನು ಬಿಟ್ಟೇಬಿಟ್ಟಿದ್ದರೆ ಕರೆದು ಕೂರಿಸಿಕೊಂಡು ಹೊಸ ಪಾಠ ತೋರಿಸುತ್ತೇನೆ ಎಂದರು. ಮುಂದೆ ಬೇರೆ ಶಾಲೆಗೆ ಹೋದಾಗ ಪರೀಕ್ಷೆ? ಇದಕ್ಕೆ ಹೊಂಬಾಳಮ್ಮ ಇದ್ದುದನ್ನು ಇದ್ದ ಹಾಗೆ ಹೇಳಿದರು. ಶುರುವಿನಲ್ಲಿ ಪರೀಕ್ಷೆಯ ರೂಢಿ ಇರುವುದಿಲ್ಲ, ಕೆಲವು ತಿಂಗಳು ಕಷ್ಟವಾಗಬಹುದು. ವಿಷಯ ಅರ್ಥ ಮಾಡಿಕೊಂಡ ಮಗು ರೂಢಿ ಮಾಡಿಕೊಳ್ಳುತ್ತದೆ. ಆ ಮಾತಿನಲ್ಲಿ ಡಂಬವಿಲ್ಲ ಎಂಬುದೇ ಅಂಕಮ್ಮನವರಿಗೆ ಹಿಡಿಸಿತು.

ಆದರೆ ಮನೆಯಲ್ಲಿ ಶಿವಮೂರ್ತಿ ಇದ್ದನಲ್ಲ. ಅಮ್ಮ ಬೈಯಲು ಹೋಗಿ ಮೆಚ್ಚಿಕೊಂಡು ಬಂದದ್ದು ಅವನಿಗೆ ನಂಬಲಾಗಲಿಲ್ಲ. ವ್ಯಾನಿನವನಿಗೆ ಹೇಳಿ ಆಗಿದೆ, ಪಕ್ಕದ ಮನೆಯ ಮಕ್ಕಳು ಮಗ್ಗಿಯನ್ನು ಪಟಪಟ ಒಪ್ಪಿಸುತ್ತವೆ, ನಮ್ಮದು ಚೊಂಬು ಹಿಡಿದುಕೊಂಡು ಕೂತರೆ ಊರವರ ಮುಂದೆ ತಲೆ ಎತ್ತುವುದು ಹೇಗೆ ಎಂದ. ಭಾನುವಾರ ಹಿತ್ತಿಲಲ್ಲಿ ಕಾಯಿ ಸುಲಿಯುತ್ತಾ ಮಗಳನ್ನು ಕರೆದು, ಏಳೆಂಟ್ಲ ಎಷ್ಟು ಎಂದು ಕೇಳಿದ.

ಪುಟ್ಟಗಂಗ ಪಟಪಟ ಹೇಳಲಿಲ್ಲ. "ಇರು" ಎಂದು ಬೆರಳಿನಿಂದ ಮಣ್ಣಿನಲ್ಲಿ ಏಳೇಳು ಚುಕ್ಕೆಯ ಎಂಟು ಸಾಲು ಇಟ್ಟಳು. ಚುಕ್ಕೆಗಳನ್ನು ಹತ್ತು ಹತ್ತರ ಗುಂಪು ಮಾಡಿ ಸುತ್ತು ಹಾಕಿದಳು.

"ಐದು ಹತ್ತು, ಬಿಡಿ ಆರು. ಐವತ್ತಾರು."

ಸರಿಯೋ ತಪ್ಪೋ ಎಂದು ಹೇಳಲು ಶಿವಮೂರ್ತಿ ಏಳೊಂದ್ಲ ಏಳರಿಂದ ಶುರು ಮಾಡಿ ತುಟಿಯೊಳಗೇ ಹೇಳಿಕೊಂಡು ಬರಬೇಕಾಯಿತು. ಎಂಟರ ಹತ್ತಿರಕ್ಕೆ ಬಂದು ನಿಂತು ಮಗಳ ಮುಖ ನೋಡಿದ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ನೋಡ್ದೆ" ಅಂದಳು. ಇಷ್ಟು ಹೊತ್ತು ಲೆಕ್ಕದ ಮಾತಾಡಿದರೂ ಮಗು ಬಾಯಿ ಮುಚ್ಚಿಕೊಂಡಿಲ್ಲ, ಅಟ್ಟದ ಕಡೆಗೂ ನೋಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಮತ್ತೆ ಕಾಯಿ ಸುಲಿಯಲು ಕೂತ. ಆದರೆ ವ್ಯಾನಿನವನಿಗೆ ಬೇಡ ಎಂದು ಹೇಳಲೂ ಹೋಗಲಿಲ್ಲ. ನಮ್ಮ ಗಂಡಸರಿಗೆ ಒಪ್ಪಿಕೊಳ್ಳಲು ಒಂದು ರಾತ್ರಿಯಾದರೂ ಬೇಕು.

ಸೋಮವಾರ ಬೆಳಗ್ಗೆ ಆಶಾ ಹಸುಗಳ ಹತ್ತಿರ ಉಳಿದಳು, ಅಜ್ಜಿ, ಅಪ್ಪ, ಮಗು ಮೂವರೂ ಬಸ್ಸು ನಿಲ್ಲುವ ಜಾಗಕ್ಕೆ ಬಂದರು. ಯಾವ ಗಾಡಿಗೆ ಹತ್ತಿಸುವುದು ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಪುಟ್ಟಗಂಗನ ಚಪ್ಪಲಿಯ ಬಕಲ್ಲು ಬಿಚ್ಚಿಕೊಂಡಿತ್ತು. ಮಗು ಕಲ್ಲಿನ ಮೇಲೆ ಕೂತು ಹಾಕಿಕೊಳ್ಳುತ್ತಿರುವಾಗ ವ್ಯಾನು ಬಂದು ಅವರ ಮುಂದೆಯೇ ನಿಂತಿತು. ಡ್ರೈವರು ಬಾಗಿಲು ತೆಗೆದು ಬಾ ಮಗು ಎಂದು ಕರೆದ. ಪುಟ್ಟಗಂಗನ ಬೆರಳು ಬಕಲ್ಲಿನ ಮೇಲೆ ಹಾಗೇ ನಿಂತವು. ಕತ್ತೆತ್ತದೆ ಬಿಗಿದುಕೊಂಡು ಕೂತಳು.

ಅಂಕಮ್ಮ ಮಗನ ಕಡೆ ನೋಡಲಿಲ್ಲ.

"ನೀನ್ ಹೋಗಪ್ಪ. ನಮ್ ಮಗು ಇದ್ರಲ್ಲಿ ಬರಲ್ಲ, ಅವ್ಳಿಗೆ ಇಸ್ಕೂಲ್ ಐತೆ" ಎಂದರು.

ವ್ಯಾನು ಹೋಯಿತು. ಮಗುವಿನ ಬೆರಳು ಮತ್ತೆ ಆಡತೊಡಗಿದವು. ಪಟ್ಟಿಯ ತೂತು ಸಿಕ್ಕುತ್ತದೆ, ಕಡ್ಡಿ ಜಾರುತ್ತದೆ, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ತಿಪಟೂರಿನ ಬಸ್ಸೂ ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು ಬೇಗ ಬೇಗ ಎಂದ. ಬೇರೆ ದಿನವಾಗಿದ್ದರೆ ಇಂಥ ಹೊತ್ತಿನಲ್ಲಿ ಶಿವಮೂರ್ತಿ ಮಗಳನ್ನು ಎತ್ತಿ ಒಳಗೆ ಹಾಕಿಬಿಡುತ್ತಿದ್ದ. ಅವನ ಕೈ ಮುಂದಕ್ಕೆ ಬಂತು ಕೂಡ. ಮಗಳ ಬಗ್ಗಿದ ಕತ್ತು ನೋಡಿ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಹೋಗ್ರೀ, ಮುಂದಿನ ಬಸ್ಸಿಗೆ ಬತ್ತೀವಿ. ಅವ್ಳು ಕೆಲ್ಸದಲ್ಲವ್ಳೆ" ಎಂದು ಹೇಳಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಶಾಲೆ ನಿಮ್ಮ ಊರಿನ ಹತ್ತಿರ ಇದ್ದರೆ ಹೋಗಿ ಒಂದು ಹೊತ್ತು ಸುಮ್ಮನೆ ಕೂತು ನೋಡಿ. ಹೆಸರಿನ ಫಲಕ ನೋಡಿ ಮೋಸ ಹೋಗಬೇಡಿ. ಮಕ್ಕಳ ಕೈಯಲ್ಲಿ ಏನಿದೆ, ತಪ್ಪು ಮಾಡಿದಾಗ ಅವುಗಳ ಮುಖ ಹೇಗಿರುತ್ತದೆ, ಟೀಚರು ತರಬೇತಿ ಪಡೆದವರೇ ಎಂದು ನೋಡಿ. ಶಾಲೆ ಇಲ್ಲದಿದ್ದರೂ ಮನೆ ಇದೆಯಲ್ಲ. ಮಗುವಿನ ಕೈಗೆ ಎಟುಕುವ ಗೂಟಕ್ಕೆ ಅದರ ಟವಲು ಹಾಕಿ. ಅದು ಎತ್ತುವಷ್ಟು ಸಣ್ಣ ಚೊಂಬು ಕೊಡಿ, ಮಜ್ಜಿಗೆ ತಾನೇ ಬಗ್ಗಿಸಿಕೊಳ್ಳಲಿ, ಚೆಲ್ಲಿದರೆ ಒರೆಸುವ ಬಟ್ಟೆ ಎಲ್ಲಿದೆ ಎಂದು ತೋರಿಸಿ. ನಮ್ಮ ಕೆಲಸವನ್ನು ಅದರ ತಲೆಗೆ ಕಟ್ಟಬೇಡಿ, ಅದರ ಕೆಲಸವನ್ನು ನಾವು ಕಸಿದುಕೊಳ್ಳುವುದೂ ಬೇಡ. ಸಂಜೆ ಬಂದಾಗ ಏನು ಬರೆಸಿದರು ಎಂದು ಕೇಳುವ ಬದಲು, ಇವತ್ತು ನೀನು ಏನು ಕಂಡುಕೊಂಡೆ ಎಂದು ಕೇಳಿ, ಉತ್ತರ ಉದ್ದವಾದರೂ ಕೂತು ಕೇಳಿ.

ನಾಳೆ ಬೆಳಗ್ಗೆ ನಿಮ್ಮ ಮಗು ತಾನೇ ಗುಂಡಿ ಹಾಕಿಕೊಳ್ಳುತ್ತಾ ನಿಂತಿರುವಾಗ ಬಸ್ಸು ಬಂದರೆ ಕೈ ಕಟ್ಟಿಕೊಂಡು ನಿಲ್ಲಿ. ಬಸ್ಸು ಹೋದರೆ ಹೋಗಲಿ. ಇನ್ನೊಂದು ಬಸ್ಸು ಬರುತ್ತದೆ.